ಭಾಗಾಕಾರದಲ್ಲಿ ಕಳೆದುಹೋಗುವ ಚೂರು

ಕೇಳುಗರಿಗೆ ನಮಸ್ಕಾರ.

7ನ್ನು 2ರಿಂದ ಭಾಗಿಸಿದರೆ ಮೂರೂವರೆ. ಆದರೆ ಸಿ ಅಥವಾ ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಎರಡೂ ಪೂರ್ಣಾಂಕಗಳಾಗಿದ್ದರೆ ಬರುವ ಉತ್ತರ 3. ಅರ್ಧ ಹೋಯಿತು, ಅದೂ ಸದ್ದಿಲ್ಲದೆ. ಉತ್ತರವನ್ನು ದಶಮಾಂಶದ ವೇರಿಯಬಲ್‌ನಲ್ಲಿ, ಅಂದರೆ ಸಂಖ್ಯೆ ಇಡುವ ಜಾಗದಲ್ಲಿ, ಇಟ್ಟುಕೊಂಡರೂ ಹೋದದ್ದು ಮರಳುವುದಿಲ್ಲ. ಭಾಗಾಕಾರ ಅಷ್ಟರಲ್ಲೇ ಮುಗಿದಿರುತ್ತದೆ.

ಫ್ಯಾರನ್‌ಹೀಟನ್ನು ಸೆಲ್ಸಿಯಸ್‌ಗೆ ತರುವ ಸೂತ್ರ ನೆನಪಿಸಿಕೊಳ್ಳಿ. 5 ಭಾಗಿಸು 9 ಎಂದು ಮೊದಲು ಬರೆದರೆ ಅದು ಸೊನ್ನೆ. ಆಮೇಲೆ ಯಾವುದರಿಂದ ಗುಣಿಸಿದರೂ ಸೊನ್ನೆಯೇ. ಮೊದಲು ಗುಣಿಸಿ, ಆಮೇಲೆ ಭಾಗಿಸಿ. ಚೂರೂ ಬೇಕಿದ್ದರೆ 5ರ ಬದಲು 5.0 ಬರೆಯಿರಿ. ದೊಡ್ಡ ಸಂಖ್ಯೆಗಳಿದ್ದಾಗ ಮಾತ್ರ, ಮೊದಲೇ ಗುಣಿಸಿದರೆ 32 ಬಿಟ್‌ನ ಪೂರ್ಣಾಂಕದಲ್ಲಿ ಹಿಡಿಸುವ ಗರಿಷ್ಠ ಸಂಖ್ಯೆಯಾದ 2147483647 ದಾಟೀತು, ಜೋಕೆ.

ಮೈನಸ್ ಸಂಖ್ಯೆ ಬಂದಾಗ ಭಾಷೆಗಳ ದಾರಿಯೇ ಬೇರೆಯಾಗುತ್ತದೆ. ಮೈನಸ್ 7ನ್ನು 2ರಿಂದ ಭಾಗಿಸಿದರೆ ಸಿ ಸೊನ್ನೆಯ ಕಡೆಗೆ ಕತ್ತರಿಸಿ ಮೈನಸ್ 3 ಕೊಡುತ್ತದೆ. ಇದು ಖಚಿತವಾಗಿದ್ದು ಸಿ ಭಾಷೆಯ 1999ರ ಮಾನಕದಲ್ಲಿ. ಪೈಥಾನ್ ಎಂಬ ಇನ್ನೊಂದು ಭಾಷೆಯ ಎರಡು ಓರೆಗೆರೆಯ ಭಾಗಾಕಾರ ಕೆಳಕ್ಕೆ ಇಳಿದು ಮೈನಸ್ 4 ಕೊಡುತ್ತದೆ. ಶೇಷ ಸಿಯಲ್ಲಿ ಮೈನಸ್ 1, ಪೈಥಾನ್‌ನಲ್ಲಿ 1. ಹಾಗಾಗಿ ‘ಶೇಷ 1 ಆದರೆ ಬೆಸಸಂಖ್ಯೆ’ ಎಂಬ ಪರೀಕ್ಷೆ ಸಿಯಲ್ಲಿ ಮೈನಸ್ 7ನ್ನು ಬೆಸವೆಂದು ಒಪ್ಪುವುದಿಲ್ಲ. ‘ಶೇಷ ಸೊನ್ನೆ ಅಲ್ಲದಿದ್ದರೆ’ ಎಂದು ಕೇಳಿ. ವಾರದ ದಿನ ಹಿಂದಕ್ಕೆ ಎಣಿಸುವಾಗಲೂ ಇದೇ ತೊಡಕು: ಬಂದ ಶೇಷಕ್ಕೆ 7 ಕೂಡಿಸಿ, ಇನ್ನೊಮ್ಮೆ 7ರ ಶೇಷ ತೆಗೆಯಿರಿ.

ಪುಟಕ್ಕೆ 20ರಂತೆ 101 ಸಾಲುಗಳಿದ್ದರೆ 6 ಪುಟ ಬೇಕು, ನೇರ ಭಾಗಾಕಾರ 5 ಎನ್ನುತ್ತದೆ. ಉತ್ತರಕ್ಕೆ ಕಣ್ಣುಮುಚ್ಚಿ 1 ಕೂಡಿಸಿದರೆ, ಸರಿಯಾಗಿ 100 ಸಾಲಿದ್ದಾಗ ಖಾಲಿ ಪುಟವೊಂದು ಹುಟ್ಟುತ್ತದೆ. ಭಾಗಿಸುವ ಮೊದಲೇ 19 ಕೂಡಿಸಿ: 120ಕ್ಕೆ 6, 119ಕ್ಕೆ 5.

ಇನ್ನು ರೌಂಡಿಂಗ್, ಅಂದರೆ ಹತ್ತಿರದ ಪೂರ್ಣಾಂಕಕ್ಕೆ ತರುವುದು. ಪೈಥಾನ್ 3ರಲ್ಲಿ 2.5 ಆಗುವುದು 2, 3.5 ಆಗುವುದು 4; ನಟ್ಟನಡುವೆ ಇದ್ದರೆ ಸಮಸಂಖ್ಯೆಯ ಕಡೆಗೆ. ಇದು ತಪ್ಪಲ್ಲ. ಅರ್ಧವನ್ನು ಯಾವಾಗಲೂ ಮೇಲಕ್ಕೇ ಏರಿಸಿದರೆ ಮೊತ್ತ ಒಂದೇ ಕಡೆ ವಾಲುತ್ತದೆ. ಆ ವಾಲುವಿಕೆಯನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಕೆನಡಾದ ವ್ಯಾಂಕೂವರ್ ಷೇರುಪೇಟೆಯ ಸೂಚ್ಯಂಕ 1982ರಲ್ಲಿ 1000ದಿಂದ ಆರಂಭವಾಯಿತು. ಪ್ರತಿ ಸಲ ಹೊಸ ಬೆಲೆ ಲೆಕ್ಕಹಾಕಿದಾಗಲೂ ಮೂರು ದಶಮಾಂಶದ ಆಚೆಗಿನದನ್ನು ಕತ್ತರಿಸುತ್ತಿದ್ದರು. ಕತ್ತರಿಸಿದ ಸಂಖ್ಯೆಯ ಮೇಲೆಯೇ ಮುಂದಿನ ಲೆಕ್ಕ. 1983ರ ನವೆಂಬರ್‌ನಲ್ಲಿ ಅದು ಸುಮಾರು 524ಕ್ಕೆ ಇಳಿದಿತ್ತು. ಸರಿಪಡಿಸಿದಾಗ ಬಂದದ್ದು ಸುಮಾರು 1098.

ಹಣದ ಲೆಕ್ಕವನ್ನು ಅತಿ ಚಿಕ್ಕ ನಾಣ್ಯದ ಪೂರ್ಣಾಂಕದಲ್ಲೇ ಇಡಿ. 100ನ್ನು ಮೂವರಿಗೆ ಹಂಚಿದರೆ ತಲಾ 33, ಉಳಿದ 1 ಯಾರಿಗೆ ಎಂದು ಪ್ರೋಗ್ರಾಂನಲ್ಲೇ ಬರೆದಿಡಿ. ಭಾಜಕ 20 ಆಗಿದ್ದರೆ 0, 1, 19, 20, 21 ಮತ್ತು ಮೈನಸ್ 1, ಇಷ್ಟನ್ನು ಕೊಟ್ಟು ಪರೀಕ್ಷಿಸಿ. ನಮಸ್ಕಾರ.