ಮಾಲ್ಟಾ ವ್ಲಾಗ್: ಪುಡಿಯಾಗ್ತಿರೋ ಕಲ್ಲು, ಕುತ್ತಿಗೇಲಿ ಕುಳಿ ಇರೋ ಮೂರ್ತಿಗಳು

ಮೊದಲು ಈ ಹಳೇ ಕಲ್ಲಿನ ಗುಡಿಯ ಹೆಸರು ಸರಿ ಮಾಡ್ಕೊಂಡುಬಿಡೋಣ. ಬೋರ್ಡಲ್ಲಿ ಕ್ಯೂ ಅಕ್ಷರ ಕಾಣ್ತಿದೆಯಲ್ಲ, ಅದನ್ನ 'ಕ' ಅಂತ ಓದಬೇಡಿ. ಮಾಲ್ಟೀಸ್ ಭಾಷೇಲಿ ಅದು ಗಂಟಲಲ್ಲಿ ಉಸಿರು ಒಂದು ಕ್ಷಣ ತಡೆಯೋ ಸದ್ದು ಅಷ್ಟೇ. ಹಾಗಾಗಿ ಇದು 'ಹಜಾರ್ ಇಮ್'. ಹಜಾರ್ ಅಂದ್ರೆ ಕಲ್ಲು. ಹಿಂದೆ ಸಮುದ್ರದಲ್ಲಿ ಕಾಣೋ ಆ ಪುಟ್ಟ ದ್ವೀಪ ಫಿಲ್ಫ್ಲಾ.

ಟಿಕೆಟ್, ಗೇಟು ಎಲ್ಲ ನೀವೇ ನೋಡ್ತಿದ್ದೀರಿ, ಅದು ಬೇಡ. ಆ ದೊಡ್ಡ ಬಿಳಿ ಡೇರೆ ಬಗ್ಗೆ ಮಾತ್ರ ಹೇಳಲೇಬೇಕು. 2009ರಲ್ಲಿ ಹಾಕಿದ್ದು. ನನಗೆ ಚೂರೂ ಇಷ್ಟ ಆಗ್ಲಿಲ್ಲ. ಐದು ಸಾವಿರ ವರ್ಷ ಹಳೇ ಕಲ್ಲಿನ ಮೇಲೆ ಶಾಮಿಯಾನ. ಫೋಟೋ ಎಲ್ಲಿಂದ ತೆಗೆದ್ರೂ ಒಂದು ಕಂಬ ಅಡ್ಡ ಬರುತ್ತೆ.

ಈಗ ಕ್ಯಾಮೆರಾ ಹತ್ತಿರ ಹೋಗ್ತಿದೆ. ಈ ಚಪ್ಪಡಿಯ ಮೈ ನೋಡಿ, ಹಪ್ಪಳದ ಥರ ಎದ್ದಿದೆ. ಆ ಪದರದ ಹಿಂದೆ ಕಲ್ಲಿಲ್ಲ, ಪುಡಿ ಇದೆ. ಬೆರಳು ತಾಗಿಸಿದ್ರೆ ಉದುರುತ್ತೆ, ದಯವಿಟ್ಟು ಯಾರೂ ತಾಗಿಸಬೇಡಿ.

ಯಾಕೆ ಹೀಗೆ ಅಂದ್ರೆ, ಮಾಲ್ಟಾದಲ್ಲಿ ಕಟ್ಟಡಕ್ಕೆ ಸಿಗೋ ಸುಣ್ಣಕಲ್ಲು ಎರಡು ಥರ. ಕೋರಲೈನ್ ಬೂದು ಬಣ್ಣ, ಗಟ್ಟಿ. ಕೆತ್ತೋಕೆ ಬಗ್ಗಲ್ಲ, ಮಳೆಗೂ ಜಗ್ಗಲ್ಲ. ಗ್ಲೋಬಿಜರೀನಾ ಜೇನಿನ ಬಣ್ಣ, ಮೆದು. ಕಟ್ಟಿದವರ ಹತ್ತಿರ ಲೋಹ ಇರ್ಲಿಲ್ಲ. ಸಿಸಿಲಿಯಿಂದ ತಂದ ಚಕಮಕಿ ಕಲ್ಲು, ಲಿಪಾರಿ ಮತ್ತು ಪಾಂಟೆಲೇರಿಯಾ ದ್ವೀಪಗಳ ಅಬ್ಸಿಡಿಯನ್ ಅನ್ನೋ ಜ್ವಾಲಾಮುಖಿ ಗಾಜು, ಕೊಂಬು, ಮರ, ಇಷ್ಟೇ. ಅವರಿಗೆ ಗ್ಲೋಬಿಜರೀನಾ ವರ. ಹಜಾರ್ ಇಮ್ ಪೂರ್ತಿ ಅದರಲ್ಲೇ ಕಟ್ಟಿದ್ದು. ಇಲ್ಲಿನ ಅತಿ ದೊಡ್ಡ ಕಲ್ಲು 20 ಟನ್ನಿಗೂ ಹೆಚ್ಚು.

ಆದ್ರೆ ಈ ಕಲ್ಲಿನ ತುಂಬ ಸೂಕ್ಷ್ಮ ರಂಧ್ರ. ಸಮುದ್ರದ ಗಾಳಿ ಅದರೊಳಗೆ ಉಪ್ಪು ತುಂಬುತ್ತೆ. ತೇವ ಬಂದಾಗ ಉಪ್ಪು ಕರಗುತ್ತೆ, ಬಿಸಿಲಿಗೆ ನೀರು ಆರಿ ಮತ್ತೆ ಹರಳಾಗುತ್ತೆ. ಹರಳು ಬೆಳೆಯೋಕೆ ಜಾಗ ಬೇಕಲ್ಲ, ರಂಧ್ರದ ಗೋಡೆಯನ್ನೇ ಒಳಗಿಂದ ತಳ್ಳುತ್ತೆ. ಮೇಲ್ಪದರ ಉಬ್ಬುತ್ತೆ, ಬಿದ್ದುಹೋಗುತ್ತೆ. ಆಮೇಲೆ ಮೆದು ಒಳಮೈ ಗಾಳಿಗೆ ಸಿಕ್ಕಿ ಇನ್ನೂ ಬೇಗ ಸವೆಯುತ್ತೆ. 1839ರಲ್ಲಿ ಇಲ್ಲಿ ಅಗೆದು ಮಣ್ಣು ತೆಗೆದ್ರು. ಅಲ್ಲೀವರೆಗೆ ಮುಚ್ಚಿದ್ದ ಮಣ್ಣೇ ಕಾಪಾಡಿತ್ತು.

ಸಿಟ್ಟು ಬರೋದು ಇನ್ನೊಂದಕ್ಕೆ. 20ನೇ ಶತಮಾನದ ದುರಸ್ತಿಗಳಲ್ಲಿ ಬಿರುಕಿಗೆ ಸಿಮೆಂಟ್ ಮೆತ್ತಿದ್ರು. ಸಿಮೆಂಟ್ ಕಲ್ಲಿಗಿಂತ ಗಟ್ಟಿ, ಅದರಲ್ಲಿ ನೀರು ಸಲೀಸಾಗಿ ಆಡಲ್ಲ. ಒಳಗಿನ ತೇವ ಪಕ್ಕದ ಮೆದು ಕಲ್ಲಿನಿಂದಲೇ ಹೊರಗೆ ಬರಬೇಕು, ಜೊತೆಗೆ ಉಪ್ಪನ್ನೂ ಅಲ್ಲಿಗೇ ಹೊತ್ತು ತರುತ್ತೆ. ಕೊನೆಗೆ ತೇಪೆ ಹಾಗೇ ಉಳಿಯುತ್ತೆ, ಅದರ ಸುತ್ತಿನ ಕಲ್ಲು ಹಳ್ಳ ಬೀಳುತ್ತೆ. ಸುಣ್ಣದ ಗಾರೆ ಹಾಕಿದ್ರೆ ಗಾರೆ ಸವೆಯುತ್ತೆ, ಕಲ್ಲು ಉಳಿಯುತ್ತೆ. ಗಾರೆಯನ್ನ ಮತ್ತೆ ಹಾಕಬಹುದು, ಕಲ್ಲನ್ನ ಹೇಗೆ ಹಾಕೋದು?

ಮಳೆಯ ಕಾಟ ಬೇರೆ. ಈ ಗೋಡೆಗಳು ಎರಡು ಪದರ, ಮಧ್ಯೆ ಮಣ್ಣು, ಸಣ್ಣ ಕಲ್ಲು. ನೀರು ಇಳಿದು ಆ ಮಣ್ಣು ತೊಳೆದುಹೋದ್ರೆ ಗೋಡೆಗೆ ಬೆನ್ನೇ ಇಲ್ಲ. 1994ರಲ್ಲಿ ಜೋರು ಮಳೆ ಆದ ಮೇಲೆ, ಕೆಳಗಡೆ ಇರೋ ಇನ್ನೊಂದು ಗುಡಿ ಇಮ್ನಾಯ್ದ್ರಾದಲ್ಲಿ ಗೋಡೆಯ ಒಂದು ಭಾಗ ಕುಸಿದದ್ದು ಹೀಗೇ.

ಸರಿ, ಮಾತು ವಾಪಸ್ ತಗೋತೀನಿ. ಡೇರೆ ಇರಲಿ. ಉಪ್ಪುಗಾಳಿಯನ್ನ ಅದು ತಡೆಯಲ್ಲ, ಮಳೆ ಮತ್ತು ನೇರ ಬಿಸಿಲನ್ನ ತಡೆಯುತ್ತೆ. ಕಂಬ ಅಡ್ಡ ಬಂದ್ರೆ ಬರ್ಲಿ.

ಇಮ್ನಾಯ್ದ್ರಾ ಅರ್ಧ ಕಿಲೋಮೀಟರ್ ಇಳಿಜಾರು, ಟೋಪಿ, ನೀರು ಇರಲಿ. ಇಲ್ಲಿ ಹೊರಗೋಡೆ ಕೋರಲೈನ್, ಒಳಗೆ ಗ್ಲೋಬಿಜರೀನಾ. ಯಾವುದನ್ನ ಎಲ್ಲಿ ಇಡಬೇಕು ಅಂತ ಕಟ್ಟಿದವರಿಗೆ ಗೊತ್ತಿತ್ತು. ದಕ್ಷಿಣದ ಗುಡಿಯಲ್ಲಿ ಹಗಲು ರಾತ್ರಿ ಸಮ ಆಗೋ ದಿನ ಹುಟ್ಟೋ ಸೂರ್ಯ ಬಾಗಿಲ ನೇರಕ್ಕೆ ಒಳಗೆ ಬರ್ತಾನೆ. ಅಯನದ ದಿನಗಳಲ್ಲಿ ಬೆಳಕು ಬಾಗಿಲ ಆಚೀಚೆ ನಿಂತ ಕಲ್ಲುಗಳ ಅಂಚಿಗೆ ಬೀಳುತ್ತೆ, ಬೇಸಿಗೇಲಿ ಒಂದು ಕಡೆ, ಚಳಿಗಾಲದಲ್ಲಿ ಇನ್ನೊಂದು ಕಡೆ. ಈ ನುಣುಪಾದ ನೆಲದ ಹೆಸರು ತೋರ್ಬಾ: ಸುಣ್ಣಕಲ್ಲು ಪುಡಿ ಮಾಡಿ, ನೀರು ಹಾಕಿ, ಬಡಿದು, ಉಜ್ಜಿದ್ದು. ಶಾಟ್ ಮುಗೀತು, ನಡೀರಿ.

ವಲೆಟ್ಟಾ, ರಾಷ್ಟ್ರೀಯ ಪುರಾತತ್ವ ಮ್ಯೂಸಿಯಂ. ಗುಡಿಗಳಲ್ಲಿ ಮೂರ್ತಿ ಹುಡುಕ್ತಾ ಸಮಯ ಕಳೀಬೇಡಿ. ಟಾರ್ಶೀನ್ ಗುಡಿಯಲ್ಲಿರೋ ದೊಡ್ಡ ಮೂರ್ತಿ ಪ್ರತಿಕೃತಿ, ಅಸಲಿ ಇಲ್ಲಿದೆ. ಉಳಿದಿರೋದು ಸೊಂಟದಿಂದ ಕೆಳಗೆ ಮಾತ್ರ: ನೆರಿಗೆಯ ಲಂಗ, ದಪ್ಪ ಮೀನಖಂಡ, ಪುಟ್ಟ ಪಾದ. ಪೂರ್ತಿ ಇದ್ದಿದ್ರೆ ಎರಡೂವರೆ ಮೀಟರ್ ಮೀರುತ್ತಿತ್ತು. ಅದೇ ಗುಡಿಯ ಸುರುಳಿ ಕೆತ್ತನೆಯ ಪೀಠ ಇದು. ಮುಂದೆ ಕಾಣೋ ಅರ್ಧಚಂದ್ರದ ತುಂಡು ಅಲಂಕಾರ ಅಲ್ಲ, ಬಿರಡೆ. ತೆಗೆದಾಗ ಒಳಗಿನ ಗೂಡಲ್ಲಿ ಆಡಿನ ಕೊಂಬು, ಪ್ರಾಣಿ ಮೂಳೆ, ಚಕಮಕಿ ಕಲ್ಲಿನ ಚಾಕು ಸಿಕ್ಕವು. 1915ರಿಂದ 1919ರವರೆಗೆ ಅಲ್ಲಿ ಅಗೆಸಿದವರು ಥೆಮಿಸ್ಟೋಕ್ಲೀಸ್ ಝಮ್ಮಿತ್.

ಈ ಕಪಾಟಿನ ಮುಂದೆ ನಿಧಾನ. 1949ರಲ್ಲಿ ಹಜಾರ್ ಇಮ್‌ನಲ್ಲಿ ಒಂದು ಮೆಟ್ಟಿಲ ಕೆಳಗೆ ಒಟ್ಟಿಗೆ ಸಿಕ್ಕ ಮೂರ್ತಿಗಳು ಇಲ್ಲಿವೆ. ತಲೆ ಇಲ್ಲ ಅಂದಕೂಡಲೇ ಮುರಿದಿದೆ ಅಂದ್ಕೋತೀವಿ. ಕುತ್ತಿಗೆ ಜಾಗ ನೋಡಿ. ಮುರಿದಿದ್ರೆ ಒರಟಾಗಿರ್ತಿತ್ತು. ಇಲ್ಲಿ ನೀಟಾಗಿ ಕೊರೆದ ಕುಳಿ, ಕುಳಿಯ ಅಂಚಲ್ಲಿ ಸಣ್ಣ ತೂತುಗಳು. ತಲೆಯನ್ನ ಬೇರೆ ಮಾಡಿ, ಕುಳಿಯಲ್ಲಿ ಕೂರಿಸಿ, ತೂತಿನಲ್ಲಿ ದಾರ ಹಾಯಿಸಿ ಕಟ್ಟೋ ವ್ಯವಸ್ಥೆ. ಅಂದ್ರೆ ಒಂದೇ ದೇಹಕ್ಕೆ ಬೇರೆ ಬೇರೆ ತಲೆ ಕೂರಿಸಬಹುದಿತ್ತು.

ಇವನ್ನೆಲ್ಲ ಸಾರಾಸಗಟಾಗಿ 'ಮಾತೃದೇವತೆ' ಅನ್ನೋದು ತಪ್ಪು. ಈ ಕೂತಿರೋ ಮೂರ್ತಿಗಳಲ್ಲಿ ಹೆಚ್ಚಿನವಕ್ಕೆ ಮೊಲೆ ಇಲ್ಲ, ಗಂಡೋ ಹೆಣ್ಣೋ ತೋರಿಸೋ ಗುರುತೇ ಇಲ್ಲ. ಇರೋದು ದಪ್ಪ ಮೈ ಮಾತ್ರ. ಆದ್ರೆ ಪಕ್ಕದ ಮಣ್ಣಿನ ಬೊಂಬೆ ನೋಡಿ, ಸುಮಾರು 13 ಸೆಂಟಿಮೀಟರ್, 'ಮಾಲ್ಟಾದ ವೀನಸ್' ಅಂತಾರೆ. ಬೆನ್ನಿನ ಇಳಿತ, ಎದೆ, ಹೊಟ್ಟೆಯ ಮಡಿಕೆ. ಇದು ಹೆಣ್ಣೇ, ಅನುಮಾನವೇ ಇಲ್ಲ. ಹಾಗಾಗಿ ನನ್ನ ಮಾತನ್ನ ಸ್ವಲ್ಪ ತಿದ್ದಿಕೊಳ್ತೀನಿ: ಒಂದೊಂದನ್ನೂ ಬೇರೆ ಬೇರೆಯಾಗಿ ನೋಡಬೇಕು.

ಕತ್ತಲೆ ಕೋಣೇಲಿ ಮಲಗಿದ ಹೆಂಗಸು. ಸುಟ್ಟ ಮಣ್ಣು, 12 ಸೆಂಟಿಮೀಟರ್ ಚಿಲ್ಲರೆ ಉದ್ದ. ಮಗ್ಗುಲಿಗೆ ತಿರುಗಿ, ತೋಳನ್ನ ತಲೆಯಡಿ ಇಟ್ಟು ಮಲಗಿದ್ದಾಳೆ, ಅಲ್ಲಲ್ಲಿ ಕೆಮ್ಮಣ್ಣಿನ ಗುರುತು. ಇಲ್ಲಿಂದ ಕಾಣದ ವಿಷಯ ಹೇಳ್ತೀನಿ. ಮಂಚದ ಅಡಿಯಲ್ಲೂ ಕೆಲಸ ಮಾಡಿದ್ದಾರೆ, ಅಡ್ಡಪಟ್ಟಿ, ಹುಲ್ಲಿನ ಹಾಸು, ಎಲ್ಲ. ಆ ಕಾಲದ ಮಂಚ ಹೇಗಿತ್ತು ಅಂತ ಇದರಿಂದ ಗೊತ್ತಾಗುತ್ತೆ.

ಈಗ ತೆರೆ ಕಪ್ಪಾಗಿದೆ, ನಿಮ್ಮ ಫೋನ್ ಸರಿಯಾಗೇ ಇದೆ. ಆಕೆ ಸಿಕ್ಕ ಜಾಗ, ಪಾವ್ಲಾ ಊರಿನ ಹೈಪೋಜಿಯಂ, ಅಂದ್ರೆ ನೆಲದಡಿ ಬಂಡೆ ಕೊರೆದು ಮಾಡಿದ ಸಮಾಧಿ. ಕ್ಯಾಮೆರಾ ಬಿಡಲ್ಲ. ಒಂದು ಸಲಕ್ಕೆ 10 ಜನ, ದಿನಕ್ಕೆ 80. ಮೊದಲು ಬುಕ್ ಮಾಡಿ, ಆಮೇಲೆ ವಿಮಾನದ ಟಿಕೆಟ್ ತಗೊಳ್ಳಿ, ಈ ಕ್ರಮ ತಿರುಗಿಸಿದ್ರೆ ಸಿಗೋದು ಕಷ್ಟ. 6 ವರ್ಷದೊಳಗಿನ ಮಕ್ಕಳಿಗೆ ಪ್ರವೇಶ ಇಲ್ಲ. ಇಷ್ಟು ಬಿಗಿ ಯಾಕೆ ಅಂದ್ರೆ ನಮ್ಮ ಉಸಿರು. ಅದರ ತೇವ, ಇಂಗಾಲದ ಡೈಆಕ್ಸೈಡ್, ಜೊತೆಗೆ ದೀಪದ ಬೆಳಕು ಸೇರಿದ್ರೆ ಪಾಚಿ ಬೆಳೆಯುತ್ತೆ, ಚಾವಣಿಯ ಕೆಮ್ಮಣ್ಣಿನ ಸುರುಳಿಗಳು ಹಾಳಾಗುತ್ತೆ.

1902ರಲ್ಲಿ ಮನೆ ಕಟ್ಟೋರು ನೀರಿನ ತೊಟ್ಟಿ ಅಗೆಯುವಾಗ ಸಿಕ್ಕಿದ್ದು. ಮೂರು ಅಂತಸ್ತು, ಸುಮಾರು 7,000 ಜನರ ಮೂಳೆ ಅಂತ ಅಂದಾಜು. ಮೊದಲು ಅಗೆಸಿದ ಪಾದ್ರಿ ಮನ್ವೆಲ್ ಮಾಗ್ರಿ 1907ರಲ್ಲಿ ಟ್ಯುನೀಷಿಯಾದಲ್ಲಿ ತೀರಿಕೊಂಡ್ರು, ಅವರ ಟಿಪ್ಪಣಿ ಕಳೆದೇಹೋಯ್ತು. ಯಾವ ಮೂಳೆ ಎಲ್ಲಿತ್ತು ಅನ್ನೋದು ಆ ಟಿಪ್ಪಣಿಯ ಜೊತೆಗೇ ಹೋಯ್ತು, ನೆನೆಸಿಕೊಂಡ್ರೆ ಹೊಟ್ಟೆ ಉರಿಯುತ್ತೆ. ಒಳಗೆ ಹೋದಾಗ ಮಧ್ಯದ ಅಂತಸ್ತಿನ ಚಾವಣಿ ತಪ್ಪದೆ ನೋಡಿ. ಬಂಡೆಯನ್ನೇ ಕೊರೆದು, ಕಲ್ಲಿನ ಮೇಲೆ ಕಲ್ಲು ಒಳಕ್ಕೆ ಚಾಚಿ ಜೋಡಿಸಿದ ಹಾಗೆ ಕೆತ್ತಿದ್ದಾರೆ. ನೆಲದ ಮೇಲಿನ ಗುಡಿಗಳ ಚಾವಣಿ ಯಾವುದೂ ಉಳಿದಿಲ್ಲ, ಅವು ಹೇಗಿದ್ದಿರಬೇಕು ಅನ್ನೋಕೆ ಇದು ದೊಡ್ಡ ಸುಳಿವು.

ಗೋಜೋ ದ್ವೀಪ. ದೋಣಿಗೆ ಹತ್ತುವಾಗ ದುಡ್ಡು ಕೇಳಲ್ಲ, ವಾಪಸ್ ಬರುವಾಗ ಕೊಡಬೇಕು. ಜ್ಗಂತಿಯಾ ಗುಡಿಯ ಗೋಡೆ ಇದು, 6 ಮೀಟರಿಗೂ ಎತ್ತರ, ಕ್ರಿ.ಪೂ. 3600ರ ಆಸುಪಾಸಿನದು. ಜೋಡಣೆ ನೋಡಿ: ಒಂದು ಚಪ್ಪಡಿ ಅಗಲಕ್ಕೆ, ಮುಂದಿನದು ಅಂಚು ಹೊರಗೆ ಬರೋ ಹಾಗೆ ಒಳಕ್ಕೆ ಹೂತು, ಮತ್ತೆ ಅಗಲಕ್ಕೆ. ಒಳಕ್ಕೆ ಹೋದ ಕಲ್ಲು ಮಧ್ಯದ ಮಣ್ಣನ್ನ ಹಿಡಿದಿಡುತ್ತೆ. ದೈತ್ಯ ಹೆಂಗಸೊಬ್ಬಳು ಕಾಳು ತಿಂತಾ ಈ ಕಲ್ಲು ಹೊತ್ತಳು ಅಂತ ಇಲ್ಲಿಯವರ ಕಥೆ.

ಕೊನೇ ಶಾಟ್. ಹತ್ತಿರದ ಶಾರಾ ವೃತ್ತ ಒಂದು ಸಮಾಧಿ ಜಾಗ, 1987ರಿಂದ 1994ರವರೆಗೆ ಅಗೆದದ್ದು. ಅಲ್ಲಿ ಒಂದೇ ಕಡೆ ಸಿಕ್ಕ ಒಂಬತ್ತು ಮೂರ್ತಿಗಳಲ್ಲಿ ಈ ಆರು ಚಪ್ಪಟೆ, ಹಿಡಿದು ಎತ್ತೋ ಹಾಗಿವೆ. ಎಡದಿಂದ ಬಲಕ್ಕೆ ಬನ್ನಿ. ಇದಕ್ಕೆ ಬರೀ ಆಕಾರ ಕೊಟ್ಟಿದ್ದಾರೆ, ಮುಖ ಇಲ್ಲ. ಇದಕ್ಕೆ ಮುಖ ಬಂದಿದೆ. ಇದಕ್ಕೆ ಕೂದಲು, ನಡುಪಟ್ಟಿ, ಲಂಗದ ನೆರಿಗೆ ಎಲ್ಲ ಮುಗಿದಿದೆ. ಮೊದಲು ಮೈ, ಆಮೇಲೆ ಮುಖ, ಕೊನೆಗೆ ಬಟ್ಟೆ. ಕೆತ್ತಿದವರ ಕೆಲಸದ ಕ್ರಮ ಕಣ್ಣೆದುರೇ ಇದೆ. ಗಾಜಿನ ಮೇಲೆ ಬೆಳಕು ಹೊಳೀತಿದೆ, ಸ್ವಲ್ಪ ಈ ಕಡೆ ಬಗ್ಗಿ ನೋಡಿ, ನೆರಿಗೆ ಕಾಣುತ್ತೆ.