ಮಾಲ್ಗುಡಿ ನೋಡೋಕೆ ಹೊರಟ್ರಾ? ಮೊದಲು ಅರಸಾಳಿಗೆ ಹೋಗಿ

ನಮಸ್ಕಾರ. ಆರ್.ಕೆ. ನಾರಾಯಣ್ ಕಥೆಗಳ ಕಾಲ್ಪನಿಕ ಊರು ಮಾಲ್ಗುಡಿಯನ್ನ ಮಕ್ಕಳಿಗೆ ತೋರಿಸ್ಬೇಕು ಅಂತ ಹೊರಟವರು ಸಾಮಾನ್ಯವಾಗಿ ನೇರ ಆಗುಂಬೆಗೆ ಗಾಡಿ ಬಿಡ್ತಾರೆ. ಶಂಕರ್ ನಾಗ್ 'ಮಾಲ್ಗುಡಿ ಡೇಸ್' ಧಾರಾವಾಹಿ ತೆಗೆದದ್ದು ಅಲ್ಲೇ, ನಿಜ. ಆದರೆ ಮೊದಲು ಹೋಗಬೇಕಾದ್ದು ಹೊಸನಗರ ತಾಲ್ಲೂಕಿನ ಅರಸಾಳು ಸ್ಟೇಷನ್ನಿಗೆ.

ಯಾಕಂದ್ರೆ ಮಾಲ್ಗುಡಿ ಹುಟ್ಟಿದ್ದೇ ರೈಲ್ವೆ ಸ್ಟೇಷನ್ನಾಗಿ. ಬೆಂಗಳೂರಿನಲ್ಲಿ, ಅಜ್ಜಿ ನೋಡಿಕೊಟ್ಟ ಒಳ್ಳೇ ದಿನ, ಆರ್.ಕೆ. ನಾರಾಯಣ್ ಹೊಸ ನೋಟ್‌ಬುಕ್ ತೆಗೆದು ಕೂತಾಗ ಕಣ್ಮುಂದೆ ಬಂದದ್ದು ಒಂದು ಪುಟ್ಟ ಸ್ಟೇಷನ್ನು, ಅದರ ಪ್ಲಾಟ್‌ಫಾರಂ ಮೇಲೆ ಓಡಾಡ್ತಿದ್ದ ಸ್ವಾಮಿ ಅನ್ನೋ ಹುಡುಗ. 1935ರಲ್ಲಿ ಅಚ್ಚಾದ 'ಸ್ವಾಮಿ ಅಂಡ್ ಫ್ರೆಂಡ್ಸ್' ಮುಗಿಯೋದೂ ಪ್ಲಾಟ್‌ಫಾರಮ್ಮಿನ ಮೇಲೇ.

ಪುಸ್ತಕದಲ್ಲಿ 19 ಅಧ್ಯಾಯ. ರಾತ್ರಿಗೊಂದರಂತೆ 18 ಮನೆಯಲ್ಲಿ ಓದಿ ಹೇಳಿ. ಹತ್ತೊಂಬತ್ತನೆಯದನ್ನ ಅರಸಾಳಿಗೆ ಅಂತ ಎತ್ತಿಡಿ. ಮಕ್ಕಳು ಎಷ್ಟೇ ಹಟ ಮಾಡಿದ್ರೂ ಬಿಚ್ಚಬೇಡಿ. ಅದರಲ್ಲಿ, ಊರು ಬಿಟ್ಟು ಹೋಗ್ತಿರೋ ಗೆಳೆಯ ರಾಜಂ ಸ್ವಾಮಿ ಮೇಲೆ ಮುನಿಸಿಕೊಂಡಿದ್ದಾನೆ. ಸ್ವಾಮಿ ಕೈಯಲ್ಲಿ ಅವನಿಗೆ ಕೊಡೋಕೆ ಅಂತ ತಂದ ಆಂಡರ್ಸನ್ ಕಥೆಗಳ ಪುಸ್ತಕ. ರಾಜಂ ಏನೋ ಹೇಳೋಕೆ ಬಾಯಿ ತೆರೀತಾನೆ, ಅಷ್ಟರಲ್ಲಿ ಸೀಟಿ ಊದಿ ರೈಲು ಹೊರಟೇ ಬಿಡುತ್ತೆ, ಇನ್ನೊಬ್ಬ ಗೆಳೆಯ ಮಣಿ ಓಡಿ ಹೋಗಿ ಪುಸ್ತಕ ತಲುಪಿಸ್ತಾನೆ. ರಾಜಂ ಮಾತು ಬಾಯಲ್ಲೇ ಉಳಿಯುತ್ತೆ. 'ಏನು ಹೇಳೋಕೆ ಹೊರಟಿದ್ದ?' ಅಂತ ಮಗು ಕೇಳೇ ಕೇಳುತ್ತೆ. ನೀವು ಉತ್ತರ ಕೊಡೋಕೆ ಹೋಗಬೇಡಿ. ಹಳಿ ಎದುರಿಗಿದೆ, ಮಗು ಅದನ್ನೇ ನೋಡ್ತಾ ಕೂರಲಿ.

ಧಾರಾವಾಹಿಯ ಸ್ಟೇಷನ್ ದೃಶ್ಯಗಳನ್ನ ತೆಗೆದದ್ದೂ ಇಲ್ಲೇ. ಆ ಹಳೇ ಕಟ್ಟಡ 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ಆಯ್ತು. ಧಾರಾವಾಹಿಗೆ ಕಲಾ ನಿರ್ದೇಶನ ಮಾಡಿದ್ದ ಜಾನ್ ದೇವರಾಜ್ ಅವರದೇ ಕೈಕೆಲಸ. ಚಿಕ್ಕ ಜಾಗ, ಅರ್ಧ ಗಂಟೆ ಸಾಕು. ಅಷ್ಟೇನಾ ಅಂತ ಬೇಜಾರಾಗೋದು ಓದದೇ ಬಂದವರಿಗೆ. ಪಕ್ಕದಲ್ಲಿ ಈಗಲೂ ರೈಲು ಓಡುತ್ತೆ, ಫೋಟೋಗೆ ಅಂತ ಮಕ್ಕಳನ್ನ ಹಳಿ ಮೇಲೆ ನಿಲ್ಲಿಸಬೇಡಿ. ಶಿವಮೊಗ್ಗ–ತಾಳಗುಪ್ಪ ರೈಲಲ್ಲಿ ಬರೋದಾದ್ರೆ ಅರಸಾಳಿನಲ್ಲಿ ನಿಲುಗಡೆ ಇದೆಯಾ ನೋಡಿಯೇ ಟಿಕೆಟ್ ಮಾಡಿಸಿ.

ಎಡವಟ್ಟಾಗೋದು ಇಲ್ಲಿ: ಅರಸಾಳು, ಜೋಗ, ಆಗುಂಬೆ ಮೂರನ್ನೂ ಒಂದೇ ದಿನಕ್ಕೆ ತುರುಕೋದು. ಮಕ್ಕಳು ಇಡೀ ದಿನ ಕಾರಲ್ಲೇ ಕಳೀತಾರೆ. ಆಗುಂಬೆ ಮರುದಿನಕ್ಕಿರಲಿ. ದಾರಿಯಲ್ಲಿ ತೀರ್ಥಹಳ್ಳಿ ಸಿಗುತ್ತೆ, ಅಲ್ಲಿ ತುಂಗೆ. ಸ್ವಾಮಿ, ಮಣಿ ಸಂಜೆ ಕಳೀತಿದ್ದ, ಮಾಲ್ಗುಡಿಯ ಸರಯೂ ನದಿಯ ದಂಡೆಯನ್ನ ಆಗುಂಬೆಯಲ್ಲಿ ಹುಡುಕಿದ್ರೆ ಸಿಗೋದಿಲ್ಲ. ಮಳೆಗಾಲ ಕಳೆದ ಮೇಲೆ ತುಂಗೆಯ ದಡದಲ್ಲಿ ಅರ್ಧ ಗಂಟೆ ಕೂತ್ರೆ ಮಕ್ಕಳಿಗೆ ಅದು ಹೇಗಿದ್ದೀತು ಅಂತ ತಾನಾಗೇ ಗೊತ್ತಾಗುತ್ತೆ. ತುಂಬಿ ಹರಿಯುವಾಗ ಮಾತ್ರ ಹತ್ತಿರಕ್ಕೂ ಬಿಡಬೇಡಿ.

ಆಗುಂಬೆಯಲ್ಲಿ ಸ್ವಾಮಿಯ ಮನೆಯಾಗಿದ್ದದ್ದು ದೊಡ್ಡಮನೆ. ಅದು ಜನ ವಾಸವಿರೋ ಮನೆ, ಶೂಟಿಂಗ್ ಸೆಟ್ ಅಲ್ಲ. ಹೊರಗೆ ನಿಂತು ಕೇಳಿ, ಒಳಗೆ ಕರೆದ ಮೇಲೆ ಚಪ್ಪಲಿ ಬಿಟ್ಟು ಹೋಗಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೂರ್ಯಾಸ್ತದ ಆಸೆ ಬಿಟ್ಟುಬಿಡಿ, ಮೋಡ ಬಿಡೋದಿಲ್ಲ. ಇಂಬಳ (ಜಿಗಣೆ) ಬೇರೆ. ಕಾಲಿಗೆ ಉದ್ದ ಕಾಲುಚೀಲ ಹಾಕಿ, ಒಂದು ಚಿಟಿಕೆ ಉಪ್ಪು ಕಟ್ಟಿಕೊಳ್ಳಿ. ಕಚ್ಚಿದ್ರೆ ಎಳೆದು ಕೀಳಬೇಡಿ, ಉಗುರಿನಿಂದ ಮೆಲ್ಲಗೆ ಸರಿಸಿ. ಇಂಬಳ ಹತ್ತೋ ಮುಂಚೆಯೇ ಪ್ಯಾಂಟನ್ನ ಕಾಲುಚೀಲದೊಳಗೆ ಸಿಕ್ಕಿಸಿದ್ರೆ ಅರ್ಧ ತೊಂದರೆ ಅಲ್ಲೇ ತಪ್ಪುತ್ತೆ.