ಬಟನ್ನಿನ ಬಣ್ಣ ಎಲ್ಲಿ ಹೋಯ್ತ್ರಿ?

ನಮಸ್ಕಾರ್ರಿ. ರಾಯಚೂರಿನ ಜಿನ್ನಿಂಗ್ ಮಿಲ್ಲಿನ್ಯಾಗ ಲಿಂಟ್ ಅಂದ್ರ ಬೀಜ ತೆಗೆದ ಅರಳಿ, ರೊಕ್ಕ ಬರೋದೇ ಅದರಿಂದ. ಕೋಡಿನ್ಯಾಗ ಉಲ್ಟಾ. 1978ರಾಗ ಬೆಲ್ ಲ್ಯಾಬ್ಸಿನ ಸ್ಟೀಫನ್ ಜಾನ್ಸನ್ ಸಿ ಭಾಷೆಯ ತಪ್ಪು ಹುಡುಕೋ ಪ್ರೋಗ್ರಾಮಿಗೆ ಆ ಹೆಸರಿಟ್ಟಿದ್ದು ಬಟ್ಟೆಗೆ ಅಂಟಿದ ಜುಂಗು ನೆನೆದು. ಇವತ್ತಿನ ಮಾತು ಆ ಜುಂಗಿನದು: ವೆಬ್ ಪುಟದ ಬಣ್ಣ-ರೂಪ ಹೇಳೋ ಸಿಎಸ್‌ಎಸ್‌ನ್ಯಾಗ ತಪ್ಪಿದ ಹೆಸರನ್ನ ಲಿಂಟರ್, ಅಂದ್ರ ಕೋಡ್ ಓಡಿಸದೇ ತಪ್ಪು ಹುಡುಕೋ ಪ್ರೋಗ್ರಾಮ್, ಹಚ್ಚಿ ಹಿಡಿಯೋದು.

ಸಿಎಸ್‌ಎಸ್ ಮಾಡ್ಯೂಲ್ಸ್ (ಸ್ಟೈಲ್ ಫೈಲನ್ನ ಕೋಡಿನೊಳಗ ‘ಸ್ಟೈಲ್ಸ್’ ಅಂತ ಇಂಪೋರ್ಟ್ ಮಾಡಿ ಅದರಿಂದ ಕ್ಲಾಸ್ ಹೆಸರು ತಗೊಳ್ಳೋ ಪದ್ಧತಿ) ಬಳಸೋರಿಗೆ ಈ ಪೇಚು ಗೊತ್ತೇ ಇರ್ತದ. ಫೈಲಿನ್ಯಾಗ ಕ್ಲಾಸ್ ಹೆಸರು ‘ಬಾಕಿ’, ಕಾಂಪೊನೆಂಟಿನ್ಯಾಗ, ಅಂದ್ರ ಪುಟದ ಒಂದು ತುಂಡಿನ ಕೋಡಿನ್ಯಾಗ, ಬೆರಳು ಜಾರಿ ‘ಸ್ಟೈಲ್ಸ್ ಡಾಟ್ ಬಾಕ್ಕಿ’. ಸಿಗೋದು ಅನ್‌ಡಿಫೈನ್ಡ್, ಅಂದ್ರ ಏನೂ ಇಲ್ಲ. ಪುಟ ಕಟ್ಟೋ ಲೈಬ್ರರಿ ರಿಯಾಕ್ಟ್ ಆ ಕ್ಲಾಸ್ ಆಟ್ರಿಬ್ಯೂಟನ್ನ ಸುಮ್ನ ಬಿಟ್ಟುಬಿಡ್ತದ, ಬಟನ್ನಿನ ಬಣ್ಣ ಮಾಯ. ಬ್ರೌಸರ್ ತಪ್ಪು ತೋರಿಸೋ ಕನ್ಸೋಲಿನ್ಯಾಗ ಒಂದು ಕೆಂಪು ಅಕ್ಷರ ಇಲ್ಲ. ಟೆಂಪ್ಲೇಟ್ ಸ್ಟ್ರಿಂಗಿನೊಳಗ (ನಡುವ ವೇರಿಯಬಲ್ ತುಂಬೋ ಪಠ್ಯ) ಬರೆದಿದ್ರಂತೂ ‘ಅನ್‌ಡಿಫೈನ್ಡ್’ ಅನ್ನೋ ಹೆಸರಿನ ಕ್ಲಾಸೇ ಪುಟಕ್ಕ ಬಂದು ಕುಂದರ್ತದ. ಟೈಪ್ ತಾಳೆ ನೋಡೋ ಟೈಪ್‌ಸ್ಕ್ರಿಪ್ಟ್ ಹಿಡೀತದ ಅಂತ ನಂಬಬ್ಯಾಡ್ರಿ: ಬಂಡ್ಲರ್ (ಫೈಲುಗಳನ್ನ ಕೂಡಿಸಿ ಬ್ರೌಸರಿಗೆ ಕೊಡೋ ಸಾಧನ) ವೀಟ್ ಕೊಡೋ ಟೈಪಿನ ಪ್ರಕಾರ ಯಾವ ಹೆಸರು ಕೇಳಿದ್ರೂ ಸ್ಟ್ರಿಂಗೇ, ಅಂದ್ರ ಸರಿಯೇ.

ಇದಕ್ಕ ಇರೋದು ಜಾವಾಸ್ಕ್ರಿಪ್ಟಿನ ಲಿಂಟರ್ ಇಎಸ್‌ಲಿಂಟಿಗೆ ಹಚ್ಚೋ ಪ್ಲಗಿನ್ ‘ಇಎಸ್‌ಲಿಂಟ್-ಪ್ಲಗಿನ್-ಸಿಎಸ್‌ಎಸ್-ಮಾಡ್ಯೂಲ್ಸ್’. ಎನ್‌ಪಿಎಂ ಅನ್ನೋ ಪ್ಯಾಕೇಜ್ ಭಂಡಾರದಿಂದ ಡೆವ್ ಡಿಪೆಂಡೆನ್ಸಿಯಾಗಿ (ಕೋಡ್ ಬರೆಯೋವಾಗ ಮಾತ್ರ ಬೇಕಾಗೋದು) ಹಾಕ್ಕೋರಿ. ರೂಲ್ ಎರಡೇ. ‘ನೋ-ಅನ್‌ಡೆಫ್-ಕ್ಲಾಸ್’ ಇಲ್ಲದ ಹೆಸರನ್ನ ಹಿಡೀತದ. ‘ನೋ-ಅನ್‌ಯೂಸ್ಡ್-ಕ್ಲಾಸ್’ ಯಾರೂ ಬಳಸದ ಕ್ಲಾಸನ್ನ ತೋರಿಸ್ತದ. ಭಾಳ ಮಂದಿ ಎರಡನ್ನೂ ಎರರ್ ಅಂತ ಇಡ್ತಾರ. ನನ್ನ ಕೇಳಿದ್ರ ಅದು ತಪ್ಪು. ಮೊದಲನೇದು ಎರರ್, ಎರಡನೇದು ಬರೇ ವಾರ್ನಿಂಗ್ ಇರಲಿ.

ಯಾಕಂದ್ರ ಎರಡನೇ ರೂಲ್ ಒಂದು ಸಲಕ್ಕ ಒಂದೇ ಕಾಂಪೊನೆಂಟ್ ನೋಡ್ತದ. ಒಂದೇ ಸ್ಟೈಲ್ ಫೈಲನ್ನ ಎರಡು ಕಾಂಪೊನೆಂಟ್ ಇಂಪೋರ್ಟ್ ಮಾಡಿದ್ರ, ಅಲ್ಲಿ ಬಳಸಿದ್ದು ಇಲ್ಲಿ ‘ಬಳಸಿಲ್ಲ’ ಅಂತ ದೂರು. ಅದಕ್ಕಿಂತ ದೊಡ್ಡ ಗುಂಡಿ ಬೇರೆ ಅದ. ಹತ್ತಿ ಲೋಡಿನ ಪಟ್ಟಿ ತೋರಿಸೋ ಪುಟ ಅಂದ್ಕೋರಿ, ಸ್ಥಿತಿ ಎರಡು: ಜಮಾ, ಬಾಕಿ. ಸ್ಟೈಲ್ಸ್ ಮುಂದ ಚೌಕ ಬ್ರಾಕೆಟ್ ಹಾಕಿ ಒಳಗ ಸ್ಥಿತಿಯ ವೇರಿಯಬಲ್ ಬರೀತೀರಿ. ಆ ವೇರಿಯಬಲಿನೊಳಗ ಏನದ ಅಂತ ಪ್ಲಗಿನ್‌ಗೆ ಕಾಣಲ್ಲ. ಜಮಾ, ಬಾಕಿ ಎರಡೂ ವ್ಯರ್ಥ ಅಂತ ಹೇಳ್ತದ, ಯಾರೋ ಪುಣ್ಯಾತ್ಮ ಅಳಿಸ್ತಾನ, ಪುಟ ಬಣ್ಣಗೆಡ್ತದ. ಈ ಹೆಸರುಗಳನ್ನ ‘ಮಾರ್ಕ್-ಆಸ್-ಯೂಸ್ಡ್’ ಪಟ್ಟಿಗೆ ಸೇರಿಸಬಹುದು, ಆದ್ರ ಅದು ತ್ಯಾಪೆ. ಒಂದು ಆಬ್ಜೆಕ್ಟ್ ಮಾಡ್ರಿ: ಜಮಾ ಇದ್ರ ಸ್ಟೈಲ್ಸ್ ಡಾಟ್ ಜಮಾ, ಬಾಕಿ ಇದ್ರ ಸ್ಟೈಲ್ಸ್ ಡಾಟ್ ಬಾಕಿ. ಎರಡು ಸಾಲು ಹೆಚ್ಚಾಗ್ತಾವ, ಆದ್ರ ಎರಡೂ ರೂಲ್ ಪೂರಾ ಕೆಲಸ ಮಾಡ್ತಾವ. ಲಿಂಟರ್‌ಗೆ ಕಾಣೋ ಹಂಗ ಬರೀಲಾರದೆ ಲಿಂಟರ್ ಹಚ್ಚಿದ್ರ ಏನು ಬಂತು?

ಹೈಫನ್ ಹೆಸರು ಬರೆಯೋರು ಇನ್ನೊಂದು ನೋಡ್ಕೋರಿ. ಸಿಎಸ್‌ಎಸ್‌ನ್ಯಾಗ ‘ಬಿಲ್-ಟೋಟಲ್’ ಇದ್ದು ಕೋಡಿನ್ಯಾಗ ಕ್ಯಾಮೆಲ್‌ಕೇಸ್ (ಹೈಫನ್ ತೆಗೆದು ಮುಂದಿನ ಅಕ್ಷರ ದೊಡ್ಡದು ಮಾಡಿದ ‘billTotal’) ಬಳಸಿದ್ರ, ಬಂಡ್ಲರಿನ್ಯಾಗೂ ಪ್ಲಗಿನ್ನಿನ್ಯಾಗೂ ಕ್ಯಾಮೆಲ್‌ಕೇಸ್ ಆಪ್ಷನ್ ಹಚ್ಚಬೇಕು. ಪ್ಲಗಿನ್ನಿನ್ಯಾಗ ಮರೆತ್ರ ಸರಿ ಇದ್ದದ್ದಕ್ಕೂ ಎರರ್; ಬಂಡ್ಲರಿನ್ಯಾಗ ಮರೆತ್ರ ಎರರ್ ಇಲ್ಲದೇ ಮತ್ತ ಅದೇ ಅನ್‌ಡಿಫೈನ್ಡ್.

ಸಿಎಸ್‌ಎಸ್ ಒಳಗಿನ ತಪ್ಪಿಗೆ ಸ್ಟೈಲ್‌ಲಿಂಟ್ ಅನ್ನೋ ಸಿಎಸ್‌ಎಸ್ ಲಿಂಟರ್ ಬೇರೆ ಬೇಕು. ಅದು ಸಿಎಸ್‌ಎಸ್ ಮಾಡ್ಯೂಲ್ಸಿನವೇ ಆದ ಎರಡು ಪದಕ್ಕ ತಕರಾರು ಮಾಡ್ತದ: ‘ಕಂಪೋಸಸ್’ (ಇನ್ನೊಂದು ಕ್ಲಾಸಿನ ಸ್ಟೈಲ್ ಸೇರಿಸೋದು) ನೋಡಿ ಇಂಥ ಪ್ರಾಪರ್ಟಿ ಇಲ್ಲ ಅಂತದ, ‘ಗ್ಲೋಬಲ್’ (ಹೆಸರನ್ನ ಇದ್ದ ಹಂಗೇ ಬಿಡೋದು) ನೋಡಿ ಇಂಥ ಸೂಡೊ-ಕ್ಲಾಸ್ ಇಲ್ಲ ಅಂತದ. ಸಿಟ್ಟಿಗೆದ್ದು ರೂಲನ್ನೇ ತೆಗೀಬ್ಯಾಡ್ರಿ, ‘ಸ್ಟೈಲ್‌ಲಿಂಟ್-ಕಾನ್ಫಿಗ್-ಸಿಎಸ್‌ಎಸ್-ಮಾಡ್ಯೂಲ್ಸ್’ ಸೇರಿಸ್ರಿ.

ಇಎಸ್‌ಲಿಂಟ್ 9 ಇದ್ದೋರು ಹಳೇ ‘ಇಎಸ್‌ಲಿಂಟ್‌ಆರ್‌ಸಿ’ ಫೈಲಿನ್ಯಾಗ ಇದನ್ನೆಲ್ಲಾ ಬರೆದು ಕಾಯ್ತಾ ಕುಂದರಬ್ಯಾಡ್ರಿ, ಅದು ತಾನಾಗೇ ಆ ಫೈಲ್ ಓದಲ್ಲ; ಹೊಸ ನಮೂನೆಯ ಸೆಟ್ಟಿಂಗ್ ಫೈಲ್ ಆದ ಫ್ಲ್ಯಾಟ್ ಕಾನ್ಫಿಗ್‌ನ್ಯಾಗ ಬರೀರಿ. ಬರೆದ ಮ್ಯಾಲೆ ಬೇಕಂತಲೇ ಒಂದು ಹೆಸರು ತಪ್ಪಿಸಿ ಓಡಿಸ್ರಿ. ಕೆಂಪು ಬರಲಿಲ್ಲಂದ್ರ ಪ್ಲಗಿನ್ ಇನ್ನೂ ಹತ್ತೇ ಇಲ್ಲ.